ಆಡಿ ಹದಿನೆಂಟರ ಹೊಳೆ

ಹೊಸೂರು ಬಿಟ್ಟ ರೈಲು ಧರ್ಮಪುರಿಯ ಕಡೆಗೆ ಇಳಿಯುವಾಗ ಕಿಟಕಿಯಾಚೆ ನೆಲದ ಚಹರೆಯೇ ಬದಲಾಗುತ್ತ ಹೋಗುತ್ತದೆ. ಬೆಂಗಳೂರಿನ ತಂಪು ಹಿಂದೆ ಉಳಿಯಿತು. ಬಂಡೆಗುಡ್ಡ, ಹುಣಿಸೆಸಾಲು, ಮಾವಿನ ತೋಪು, ನಡುನಡುವೆ ಒಂಟಿ ತಾಳೆಮರ. ಪಾಲಕೋಡ್ ಹತ್ತಿರ ಬರುವಷ್ಟರಲ್ಲಿ ಎದುರಿನ ಸೀಟಿನ ಅಜ್ಜಿ ಅರಿಶಿನ ಹಚ್ಚಿದ ದಾರಗಳನ್ನು ಒಂದೊಂದಾಗಿ ಬಿಡಿಸಿ ಮಡಿಲಲ್ಲಿ ಜೋಡಿಸತೊಡಗಿದ್ದರು. ಮೊಮ್ಮಗಳ ಹತ್ತಿರ ಕನ್ನಡದಲ್ಲಿ ಮಾತು, ಟಿಕೆಟ್ ಕೇಳಿದವರ ಹತ್ತಿರ ತಮಿಳಿನಲ್ಲಿ ಮಾತು, ಎರಡರ ನಡುವೆ ಒಂದು ಉಸಿರಿನ ತಡೆಯೂ ಇಲ್ಲ. ಅವರೂ ಹೊಗೇನಕಲ್ಲಿಗೇ ಹೊರಟಿದ್ದರು. ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ ಬರುವ ಆಡಿ ಹದಿನೆಂಟರಂದು ಕಾವೇರಿಯ ಹೊಸ ನೀರಿನಲ್ಲಿ ಮಿಂದು, ತಾಳಿಯ ದಾರ ಬದಲಿಸಿ, ಹೊಳೆಗೆ ಹೂವು ಬಿಡುವುದು ಈ ಸೀಮೆಯ ಹೆಣ್ಣುಮಕ್ಕಳ ಹಬ್ಬ.

ನನ್ನ ಜೊತೆಗಿದ್ದ ಗೆಳೆಯ ತುರ್ತು ಚಿಕಿತ್ಸೆಯ ವೈದ್ಯ. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಕಳ್ಳಭಟ್ಟಿ ಕುಡಿದು 60ಕ್ಕೂ ಹೆಚ್ಚು ಜನ ಸತ್ತ ಮೇಲೆ ಅವನಿಗೆ ಒಂದೇ ಧ್ಯಾನ: ಜನ ಸೇರುವಲ್ಲಿ, ಕುಡಿಯುವಲ್ಲಿ, ನಶೆಯ ಮಾತ್ರೆ ಕೈ ಬದಲಾಗುವಲ್ಲಿ, ಸಾಯಬೇಕಿಲ್ಲದ ಜೀವಗಳನ್ನು ಉಳಿಸಿಕೊಳ್ಳುವುದು ಹೇಗೆ? "ಕುಡೀಬೇಡಿ ಅಂತ ಹೇಳೋರು ಬೇಕಾದಷ್ಟು ಜನ ಇದಾರೆ. ಹೇಳಿದ್ಮೇಲೂ ಕುಡಿದವನು ಮನೆ ಸೇರೋ ದಾರಿ ಯಾವುದು ಅಂತ ನೋಡ್ಬೇಕು" ಎಂದು ನನ್ನನ್ನು ಹೊರಡಿಸಿದ್ದ. ನನಗೆ ಹೊಳೆ ನೋಡುವ ಆಸೆ, ಸೇಲಂನ ಮಾರಿಹಬ್ಬದ ಆಸೆ. ಹೊರಟೆ.

ಧರ್ಮಪುರಿಯಲ್ಲಿ ಇಳಿದಾಗ ನಾನು ನಿಂತ ನೆಲ ಎಂಥದೆಂದು ಯೋಚಿಸಿಯೇ ಮೈ ಜುಮ್ಮೆಂದಿತು. ಇದು ಹಳೆಯ ತಗಡೂರು, ಸಂಗಂ ಕಾಲದ ಅರಸ ಅದಿಯಮಾನನ ಊರು. ಆಯುಸ್ಸು ಹೆಚ್ಚಿಸುವ ನೆಲ್ಲಿಕಾಯಿಯನ್ನು ತಾನು ತಿನ್ನದೆ ಕವಯಿತ್ರಿ ಔವೈಯಾರಿಗೆ ಕೊಟ್ಟವನೆಂದು ತಮಿಳು ಮಕ್ಕಳೆಲ್ಲ ಶಾಲೆಯಲ್ಲಿ ಓದುತ್ತಾರೆ. ಅವನು ಸತ್ತಾಗ ಔವೈ ಹಾಡಿದ ಶೋಕಗೀತೆ 'ಪುರನಾನೂರು' ಸಂಕಲನದಲ್ಲಿದೆ. ಅದರಲ್ಲಿ ಅವಳು ಮೊದಲು ನೆನೆಯುವುದು ಅವನ ಯುದ್ಧಗಳನ್ನಲ್ಲ, ಅವನು ಹಂಚಿಕೊಂಡು ಕುಡಿಯುತ್ತಿದ್ದ ಕಳ್ಳನ್ನು. ಕಳ್ಳು ಸ್ವಲ್ಪವೇ ಇದ್ದರೆ ಅವನ ಕೈ ಯಾರ ಕಡೆಗೆ ಚಾಚುತ್ತಿತ್ತು ಎಂಬುದನ್ನು. ಅರಸನೂ ಕವಿಯೂ ಒಂದೇ ಮಡಕೆಯಿಂದ ಕುಡಿದ ಊರು ಇದು. ಮುಂದೆ ನೊಳಂಬರು ಇಲ್ಲಿ ಆಳಿದರು; ಅವರ ಕಾಲದ ಕನ್ನಡ ಶಾಸನಗಳು ಈ ಊರಿನಲ್ಲೇ ಸಿಕ್ಕಿವೆ. ಇಡೀ ಭಾರತದಲ್ಲಿ ಮದ್ಯನಿಷೇಧದ ಮೊದಲ ದೊಡ್ಡ ಪ್ರಯೋಗ ನಡೆದದ್ದೂ ಇದೇ ಮಣ್ಣಿನಲ್ಲಿ. 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯ ಹೆಂಡ, ಸಾರಾಯಿ ಅಂಗಡಿಗಳೆಲ್ಲ ಮುಚ್ಚಿದಾಗ ಧರ್ಮಪುರಿಯೂ ಹೊಸೂರೂ ಆ ಜಿಲ್ಲೆಯ ತಾಲ್ಲೂಕುಗಳು. ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ.

ಪೆನ್ನಾಗರಂ ದಾಟಿದ ಮೇಲೆ ಬಸ್ಸು ಕಾಡಿನ ತಿರುವುಗಳಲ್ಲಿ ಕೆಳಗಿಳಿಯತೊಡಗಿತು. ಕಾಣುವ ಮೊದಲೇ ಹೊಳೆ ಕೇಳಿಸಿತು. ನಿಲ್ದಾಣದಿಂದ ನಡೆದು ಬಂಡೆಗಳ ಅಂಚಿಗೆ ಬಂದು ನಿಂತಾಗ ನನಗೆ ಮಾತು ಹೊರಡಲಿಲ್ಲ. ಕಾವೇರಿ ಒಂದು ಹೊಳೆಯಾಗಿ ಬಂದು, ಇಲ್ಲಿ ಬಂಡೆ ಸಿಕ್ಕಿದ ಕಡೆಗೆಲ್ಲ ಸೀಳಿ, ಹತ್ತಾರು ಕವಲಾಗಿ ಕಮರಿಗೆ ಹಾರುತ್ತದೆ. ನೀರಿನ ಪುಡಿ ಮೇಲೆದ್ದು ಎದುರು ದಡವನ್ನೇ ಮುಚ್ಚುತ್ತದೆ. ಆ ಎದುರು ದಡ ಕರ್ನಾಟಕ, ಮಲೆ ಮಹದೇಶ್ವರನ ಸೀಮೆ. ಇಲ್ಲಿ ಸಿಗುವ ಕಾರ್ಬೊನಟೈಟ್ ಎಂಬ ಅಪರೂಪದ ಕಲ್ಲಿಗೆ ಸುಮಾರು 240 ಕೋಟಿ ವರ್ಷ ವಯಸ್ಸು ಎನ್ನುತ್ತಾರೆ ಭೂವಿಜ್ಞಾನಿಗಳು. ಅಷ್ಟು ಹಳೆಯ ಕಲ್ಲಿನ ಮೇಲೆ ಅಂದು ಬೆಳಗ್ಗೆ ಸಾವಿರಾರು ಹೆಂಗಸರು ಒದ್ದೆ ಸೀರೆಯಲ್ಲಿ ಕುಳಿತು, ಬಾಳೆಲೆಯ ಮೇಲೆ ಅರಿಶಿನ, ಹೂವು, ಕಿವಿಯೋಲೆ, ಕರಿಮಣಿ ಇಟ್ಟು ಹೊಳೆಗೆ ಕೈ ಮುಗಿಯುತ್ತಿದ್ದರು. ಮೊಳಕೆ ಬರಿಸಿದ ಧಾನ್ಯದ ಕುಂಡಗಳು ನೀರಿಗೆ ಇಳಿಯುತ್ತಿದ್ದವು. ಬುತ್ತಿ ಬಿಚ್ಚಿದರೆ ಹುಣಿಸೆ ಅನ್ನ, ನಿಂಬೆ ಅನ್ನ, ಕಾಯಿ ಅನ್ನ, ಮೊಸರನ್ನ. ಗುರುತಿಲ್ಲದ ನಮ್ಮ ಕೈಗೂ ಒಂದೊಂದು ತುತ್ತು ಬಂತು. ಹೊಳೆ ತುಂಬಿದ್ದಕ್ಕೆ ಕೃತಜ್ಞತೆ ಹೇಳಲೆಂದೇ ಒಂದು ದಿನ ಎತ್ತಿಟ್ಟ ಜನ ಇವರು.

ಹಬ್ಬಕ್ಕೆ ಇನ್ನೊಂದು ದಡವೂ ಇದೆ. ಹೆಂಗಸರ ಪೂಜೆ ಮುಗಿಯುವ ಹೊತ್ತಿಗೆ ಗಂಡಸರ ಗುಂಪುಗಳು ಮರದ ಮರೆಯಲ್ಲಿ, ಬಂಡೆಯ ಹಿಂದೆ, ನಿಲ್ಲಿಸಿದ ಟೆಂಪೋಗಳ ಒಳಗೆ. ಮೀನು ಹುರಿಯುವ ಒಲೆಗಳ ಹೊಗೆ, ಎಣ್ಣೆ ಮಾಲೀಸಿನ ಚಾಪೆಗಳು, ಪ್ಲಾಸ್ಟಿಕ್ ಲೋಟಗಳು. ಆಮೇಲೆ ನೀರಿಗಿಳಿಯುವ ಹುಮ್ಮಸ್ಸು. ಗೆಳೆಯ ನನ್ನ ತೋಳು ಹಿಡಿದು ತೋರಿಸಿದ: "ನೋಡು, ಆ ಹುಡುಗ ಕಾಲಿಡೋ ಜಾಗ ನೋಡ್ತಾನೇ ಇಲ್ಲ." ಕುಡಿದವನಿಗೆ ಮೊದಲು ಮಸುಕಾಗುವುದು ಅಪಾಯವನ್ನು ಅಳೆಯುವ ಬುದ್ಧಿ, ಆಮೇಲೆ ಮೈಯ ತೂಕದ ಲೆಕ್ಕ. ಪಾಚಿ ಕಟ್ಟಿದ ಬಂಡೆಯ ಮೇಲೆ ಅವೆರಡೂ ಇಲ್ಲದವನ ಕಾಲು ಎಷ್ಟು ಹೊತ್ತು ನಿಂತೀತು? ಹೊಳೆ ಉಕ್ಕಿದ ವರ್ಷಗಳಲ್ಲಿ ಜಿಲ್ಲಾಡಳಿತ ಸ್ನಾನವನ್ನೂ ಹರಿಗೋಲನ್ನೂ ನಿಲ್ಲಿಸಿಬಿಡುತ್ತದೆ. ಮೇಲುಗಡೆ ಬಿಳಿಗುಂಡ್ಲುವಿನಲ್ಲಿ ನೀರಿನ ಅಳತೆ ಹೆಚ್ಚಿದ ಸುದ್ದಿ ಬಂದರೆ ಸಾಕು, ದಡ ಖಾಲಿ ಮಾಡಿಸುತ್ತಾರೆ. ನಾವು ಹೋದಾಗ ನೀರು ಹದವಾಗಿತ್ತು. ಹದವಾದ ನೀರಿನ ಮೇಲೆ ಜನಕ್ಕೆ ಭಯ ಕಡಿಮೆ, ಅದೇ ಅಪಾಯ.

ಹರಿಗೋಲಿಗೆ ಹುಟ್ಟು ಹಾಕುವ ಹಿರಿಯರೊಬ್ಬರನ್ನು ಮಾತಿಗೆಳೆದೆ. ಕನ್ನಡ ಕೇಳಿದ ಕೂಡಲೆ ಮುಖ ಅರಳಿತು. "ಕುಡಿದು ಬಂದೋರನ್ನ ಏನ್ಮಾಡ್ತೀರಣ್ಣ?" ಎಂದೆ.

"ಹತ್ತಿಸಲ್ಲ ಸ್ವಾಮಿ. ಹತ್ತಿಸಲ್ಲ ಅಂದ್ರೆ ಜಗಳ ಆಡ್ತಾರೆ. ಜಗಳ ಆಡಿದ್ರೆ ನಾವೂ ಬಯ್ಯೋಕೆ ಹೋಗಲ್ಲ. 'ಬಾ ತಮ್ಮಾ, ಊಟ ಮಾಡು, ಸಾಯಂಕಾಲ ಬಿಸಿಲಿಳಿದ ಮೇಲೆ ನಾನೇ ಕರ್ಕೊಂಡು ಹೋಗ್ತೀನಿ' ಅಂತೀನಿ. ಮರದ ಕೆಳಗೆ ಮಲಗಿಸ್ತೀವಿ. ಎದ್ದ ಮೇಲೆ ಅವನೇ ನಾಚ್ಕೊಂಡು ಮನೆಗೆ ಹೋಗ್ತಾನೆ."

"ಹೇಗೆ ಮಲಗಿಸ್ತೀರಿ?" ಗೆಳೆಯ ಕೇಳಿದ.

ಆ ಹಿರಿಯರು ಒಂದು ಕ್ಷಣ ಯೋಚಿಸಿ, ತಾವೇ ಮರಳಿನ ಮೇಲೆ ಮಗ್ಗುಲಾಗಿ ಮಲಗಿ, ಮೇಲಿನ ಮೊಣಕಾಲು ಮಡಚಿ, ಕೆನ್ನೆಯ ಕೆಳಗೆ ಕೈ ಇಟ್ಟು ತೋರಿಸಿದರು. "ಅಂಗಾತ ಮಲಗಿಸಿದ್ರೆ ವಾಂತಿ ಗಂಟಲಿಗೆ ಸಿಕ್ಕಾಕೊಳ್ತದೆ. ನಮ್ಮಪ್ಪ ಹೇಳ್ಕೊಟ್ಟಿದ್ದು." ಗೆಳೆಯನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡೆ. ವೈದ್ಯಕೀಯ ಕಾಲೇಜಿನಲ್ಲಿ ಅವನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳಿಕೊಡುವ ಭಂಗಿ ಅದೇ. ಪುಸ್ತಕ ಓದದ ಒಂದು ಕುಟುಂಬ ಅದನ್ನು ಹೊಳೆಯ ದಡದಲ್ಲಿ ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬಂದಿದೆ. ಬಯ್ಯದೆ ಹತ್ತಿರ ಕೂರಿಸಿಕೊಳ್ಳುವುದು, ನೆರಳು, ಅನ್ನ, ಮಗ್ಗುಲು. ಇಡೀ ಪ್ರವಾಸದಲ್ಲಿ ನಾನು ಕಂಡ ಅತಿ ದೊಡ್ಡ ಅಚ್ಚರಿ ಯಾವುದೆಂದು ಕೇಳಿದರೆ ಜಲಪಾತವನ್ನಲ್ಲ, ಆ ಮರದ ನೆರಳನ್ನೇ ಹೇಳುತ್ತೇನೆ.

ಗೆಳೆಯ ಅದಕ್ಕೆ ಒಂದೆರಡು ಮಾತು ಸೇರಿಸಿದ. ಮಲಗಿದವನನ್ನು ಒಬ್ಬನೇ ಬಿಡಬಾರದು. ಬೆರಳು ಗಂಟಲಿಗೆ ಹಾಕಿ ವಾಂತಿ ಮಾಡಿಸಬಾರದು. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಎರಚುವುದು ಯಾವುದೂ ನಶೆ ಇಳಿಸುವುದಿಲ್ಲ. ಅಲುಗಾಡಿಸಿದರೂ ಏಳದಿದ್ದರೆ, ಉಸಿರು ತಡೆತಡೆದು ಬರುತ್ತಿದ್ದರೆ, ತುಟಿ ನೀಲಿಯಾದರೆ ತಕ್ಷಣ 108. ಹಿರಿಯರು ತಲೆದೂಗಿ ಪಕ್ಕದ ದೋಣಿಯ ಹುಡುಗರನ್ನು ಕೂಗಿ ಕರೆದರು, ಅವರೂ ಕೇಳಲಿ ಎಂದು.

ಮರುದಿನ ಮೆಟ್ಟೂರು. 1925ರಲ್ಲಿ ಶುರುವಾಗಿ 1934ರಲ್ಲಿ ಮುಗಿದ ಈ ಅಣೆಕಟ್ಟಿನ ಪೂರ್ಣ ಮಟ್ಟ 120 ಅಡಿ. ತುಂಬಿದಾಗ 93 ಟಿಎಂಸಿಗೂ ಹೆಚ್ಚು ನೀರು. ಅದರ ಹಿಂದಿನ ಸ್ಟ್ಯಾನ್ಲಿ ಜಲಾಶಯದ ಅಡಿಯಲ್ಲಿ ಹಳ್ಳಿಗಳು ಮುಳುಗಿವೆ. ಬೇಸಿಗೆಯಲ್ಲಿ ನೀರು ಇಳಿದರೆ ಪಣ್ಣವಾಡಿಯ ಬಳಿ ಹಳೆಯ ದೇವಸ್ಥಾನದ ನಂದಿಯೂ ಚರ್ಚಿನ ಗೋಪುರವೂ ತಲೆ ಎತ್ತುತ್ತವೆ. ನಾವು ಹೋದಾಗ ಎಲ್ಲವೂ ಒಂದೇ ನೀಲಿ. ಅಣೆಯ ಮುನಿಯಪ್ಪನ ಗುಡಿಯ ಸುತ್ತ ಹಬ್ಬದ ಉಳಿಕೆ ಇನ್ನೂ ನಡೆದಿತ್ತು. ಹರಕೆಯ ಕುರಿ, ಕೋಳಿ. ಅಲ್ಲೇ ಮೂರು ಕಲ್ಲಿನ ಒಲೆ, ಅಲ್ಲೇ ಅಡುಗೆ, ಅಲ್ಲೇ ಪಂಕ್ತಿ. ಮುನಿಯಪ್ಪ ಊರು ಕಾಯುವ ದೈವ. ಈ ಸೀಮೆಯಲ್ಲಿ ಇಂಥ ಕಾವಲು ದೈವಗಳಿಗೆ ಸುರುಟು, ಸಾರಾಯಿ ಎಡೆ ಇಡುವ ವಾಡಿಕೆ ಹಳೆಯದು. ದೈವಕ್ಕೆ ಎಡೆ ಇಟ್ಟದ್ದು ಪ್ರಸಾದವಾಗಿ ಬಾಯಿಗೆ ಬರುತ್ತದೆ. ಅದನ್ನು ಕೀಳಾಗಿ ನೋಡುವ ಅಧಿಕಾರ ನನಗಿಲ್ಲ, ನಮ್ಮ ಕಡೆಯೂ ಮುನೇಶ್ವರನಿಗೆ ಹೀಗೇ ನಡೆಯುತ್ತದೆ. ಭಯ ಬೇರೆಯದು: ಬಾಟಲಿಯಲ್ಲಿ ಇರುವುದು ಏನು?

ಗುಡಿಯ ಹೊರಗೆ ಚಹಾ ಕುಡಿಯುತ್ತ ಗೆಳೆಯ ಮೆಥನಾಲಿನ ಕತೆ ಹೇಳಿದ. ನಾನು ಅದನ್ನು ಮೊದಲೂ ಓದಿದ್ದೆ, ಆದರೆ ಅಂದು ಕೇಳಿದ ಹಾಗೆ ಎಂದೂ ಕೇಳಿರಲಿಲ್ಲ. ಬೆಲ್ಲ, ತೊಗಟೆ ಕೊಳೆಸಿ ಬಟ್ಟಿ ಇಳಿಸಿದ್ದರಲ್ಲಿ ಹುಟ್ಟುವುದು ಬಹುಪಾಲು ಎಥನಾಲ್, ಅಂದರೆ ಎಲ್ಲ ಮದ್ಯದಲ್ಲೂ ಇರುವ ಆಲ್ಕೋಹಾಲ್. ಗುಂಪು ಗುಂಪಾಗಿ ಜನ ಸಾಯುವುದು, ಕಾರ್ಖಾನೆಗಳಿಗೆಂದು ತಯಾರಾದ ಅಗ್ಗದ ಮೆಥನಾಲನ್ನು ಯಾರೋ ಅದಕ್ಕೆ ಬೆರೆಸಿದಾಗ. ಬಣ್ಣ ಅದೇ, ವಾಸನೆ ಅದೇ, ಮತ್ತೂ ಅದೇ. ನಾಲಿಗೆಗೆ ಗೊತ್ತಾಗುವುದಿಲ್ಲ. ಬೆಂಕಿ ಹಚ್ಚಿ ಜ್ವಾಲೆಯ ಬಣ್ಣ ನೋಡುವ ಪರೀಕ್ಷೆಯನ್ನೂ ನಂಬುವಂತಿಲ್ಲ.

ಒಳಗೆ ಹೋದ ಮೆಥನಾಲ್ ಮೊದಲ ಹಲವು ಗಂಟೆ ಸುಮ್ಮನಿರುತ್ತದೆ. ವಿಷ ತಯಾರಾಗುವುದು ನಮ್ಮದೇ ಪಿತ್ತಜನಕಾಂಗದಲ್ಲಿ. ಅಲ್ಲಿರುವ ಒಂದು ಕಿಣ್ವ ಅದನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಇನ್ನೊಂದು ಅದನ್ನು ಫಾರ್ಮಿಕ್ ಆಮ್ಲ ಮಾಡುತ್ತದೆ. ಆ ಆಮ್ಲ ಜೀವಕೋಶಗಳ ಉಸಿರಾಟವನ್ನೇ ಹಿಡಿದು ನಿಲ್ಲಿಸುತ್ತದೆ, ಕಣ್ಣಿನ ನರ ಮೊದಲು ಸೋಲುತ್ತದೆ. ಸುಮಾರು 12ರಿಂದ 24 ಗಂಟೆ ಕಳೆದ ಮೇಲೆ ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣ ಮುಂದೆ ಮಂಜು ಸುರಿದಂಥ ಬಿಳುಪು. 10 ಮಿ.ಲೀ. ಶುದ್ಧ ಮೆಥನಾಲ್ ದೃಷ್ಟಿ ಕಳೆಯಬಲ್ಲದು. ಈಗ ಇದರ ವಿಸ್ಮಯ ಕೇಳಿ. ಆ ಮೊದಲ ಕಿಣ್ವಕ್ಕೆ ಮೆಥನಾಲಿಗಿಂತ ಎಥನಾಲ್ ಎಷ್ಟೋ ಪಾಲು ಹೆಚ್ಚು ಪ್ರಿಯ. ಎರಡೂ ಎದುರಿಗಿದ್ದರೆ ಅದು ಎಥನಾಲನ್ನೇ ಮೊದಲು ಹಿಡಿಯುತ್ತದೆ, ಮೆಥನಾಲ್ ವಿಷವಾಗದೆ ಕಾಯುತ್ತ ಉಳಿಯುತ್ತದೆ. ಅಷ್ಟರಲ್ಲಿ ಡಯಾಲಿಸಿಸ್ ಮಾಡಿ ಅದನ್ನು ರಕ್ತದಿಂದ ಸೋಸಿ ತೆಗೆಯಬಹುದು. ಫೋಮೆಪಿಜೋಲ್ ಎಂಬ ಔಷಧವೂ ಅದೇ ಕಿಣ್ವದ ಕೈ ಕಟ್ಟಿಹಾಕುತ್ತದೆ. ಅದು ದುಬಾರಿ, ಇಲ್ಲದ ಕಡೆ ವೈದ್ಯರು ರಕ್ತದ ಮಟ್ಟ ನೋಡುತ್ತ ಅಳೆದು ಅಳೆದು ಎಥನಾಲನ್ನೇ ಕೊಡುತ್ತಾರೆ. ಇದು ಆಸ್ಪತ್ರೆಯ ಕೆಲಸ. ಮನೆಯಲ್ಲಿ ಇನ್ನೊಂದು ಬಾಟಲಿ ತೆರೆಯುವುದು ಚಿಕಿತ್ಸೆಯಲ್ಲ.

"ಅಂದ್ರೆ ಅರ್ಧ ದಿನ ನಮ್ಮ ಕೈಲಿರುತ್ತೆ" ಎಂದ ಗೆಳೆಯ. "ಹಾವು ಕಚ್ಚಿದ್ರೂ ಇಷ್ಟು ಸಮಯ ಸಿಗಲ್ಲ. ಒಟ್ಟಿಗೆ ಕುಡಿದವರಲ್ಲಿ ಒಬ್ಬನಿಗೆ ಕಣ್ಣು ಮಂಜಾಯ್ತು ಅಂದ ಕೂಡಲೆ ಉಳಿದವರೆಲ್ಲ, ಏನೂ ಆಗಿಲ್ಲ ಅನ್ನೋರೂ ಸೇರಿ, ಬಂದ್ರೆ ಹೆಚ್ಚಿನವರನ್ನ ಉಳಿಸಬಹುದು. ಆದ್ರೆ ಬರಲ್ಲ. ಬಂದ್ರೂ ಹೊಟ್ಟೆನೋವು ಅಂತಾರೆ, ಕುಡಿದದ್ದು ಹೇಳಲ್ಲ."

ಕಳ್ಳಕುರಿಚಿಯ ಕರುಣಾಪುರಂನಲ್ಲಿ ಆದದ್ದು ಅದೇ. ಪ್ಲಾಸ್ಟಿಕ್ ಪಾಕೀಟಿನ ಸಾರಾಯಿ ಕುಡಿದು ಮೊದಲು ಸತ್ತವರ ಮನೆಗೆ ನೆಂಟರು ಬಂದರು. ಬಂದವರಲ್ಲೂ ಹಲವರು ಅದೇ ಪಾಕೀಟು ಕುಡಿದರು. ಸಾವಿಗೆ ಕಾರಣ ಕಳ್ಳಭಟ್ಟಿಯಲ್ಲ ಎಂಬ ಅಧಿಕೃತ ಮಾತೂ ಮೊದಲ ಹೊತ್ತಿನಲ್ಲಿ ಹೊರಬಿತ್ತು. ಅರ್ಧ ದಿನದ ಆ ಅವಕಾಶ ಎಷ್ಟೋ ಜನರ ಪಾಲಿಗೆ ಹಾಗೆಯೇ ಕಳೆದುಹೋಯಿತು. ನಮಗೂ ಇದು ಪರರ ಊರಿನ ಕತೆಯಲ್ಲ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಯಿಂದ ಸತ್ತವರು 300ರ ಆಸುಪಾಸು. ಕರ್ನಾಟಕದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿಯ ಕಡೆ 150ಕ್ಕೂ ಹೆಚ್ಚು ಜನ ವಿಷಮದ್ಯಕ್ಕೆ ಬಲಿಯಾದರು. ಗಡಿಯ ಎರಡೂ ಬದಿ ಒಂದೇ ವಿಷ, ಒಂದೇ ಮೌನ. 2024ರ ನವೆಂಬರ್‌ನಲ್ಲಿ ಲಾವೋಸ್ ದೇಶದ ವಾಂಗ್ ವಿಯೆಂಗ್ ಎಂಬ ಪ್ರವಾಸಿ ಊರಿನಲ್ಲಿ ಆರು ಜನ ವಿದೇಶಿ ಪ್ರವಾಸಿಗರು ಸತ್ತದ್ದೂ ಮೆಥನಾಲಿನಿಂದಲೇ. ಬಡವರ ಪಾಕೀಟಿನಲ್ಲಿ ಇದ್ದದ್ದೇ ಅಲ್ಲಿ ಮೋಜಿನ ಲೋಟದಲ್ಲೂ ಇತ್ತು.

ಸೇಲಂಗೆ ಬಂದಾಗ ಸಂಜೆ. ಶೇರ್ವರಾಯನ ಬೆಟ್ಟಗಳು ಊರಿನ ಮೇಲೆ ನೀಲಿಯಾಗಿ ಬಾಗಿದ್ದವು. ಈ ಊರಿನಲ್ಲಿ ವಕೀಲಿ ಮಾಡುತ್ತಿದ್ದ, ಪುರಸಭೆಯ ಅಧ್ಯಕ್ಷರಾಗಿದ್ದ ರಾಜಾಜಿ ಹುಟ್ಟಿದ್ದು ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ, ನಮ್ಮ ರೈಲು ಬಂದ ದಾರಿಯ ಮಗ್ಗುಲಲ್ಲಿ. ತಿರುಚೆಂಗೋಡಿನ ಬಳಿ ಪುದುಪಾಳ್ಯದಲ್ಲಿ 1925ರಲ್ಲಿ ಗಾಂಧಿ ಆಶ್ರಮ ಕಟ್ಟಿದರು. ಅಲ್ಲಿಂದ 'ವಿಮೋಚನಂ' ಎಂಬ ಪತ್ರಿಕೆ ಹೊರಡಿಸಿದರು, ಇಡೀ ಪತ್ರಿಕೆಯೇ ಕುಡಿತದ ವಿರುದ್ಧ. ಮುಂದೆ ತಮಿಳಿನ ದೊಡ್ಡ ಕಾದಂಬರಿಕಾರರಾದ ಕಲ್ಕಿ ಅಲ್ಲಿ ಅವರ ಸಹಾಯಕ. 1937ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದ ರಾಜಾಜಿ ಮೊದಲು ಕೈ ಹಾಕಿದ್ದು ತಮ್ಮ ಜಿಲ್ಲೆಗೇ. ಹೆಂಡದ ತೆರಿಗೆ ನಿಂತಿತು, ಬೊಕ್ಕಸದ ಆ ತೂತು ತುಂಬಲು 1939ರಲ್ಲಿ ಮಾರಾಟ ತೆರಿಗೆ ಬಂತು. ಯುದ್ಧದ ನಡುವೆ ನಿಷೇಧ ನಿಂತಿತು, ಸ್ವಾತಂತ್ರ್ಯದ ನಂತರ ಇಡೀ ರಾಜ್ಯಕ್ಕೆ ಹಬ್ಬಿತು, 1971ರಲ್ಲಿ ಸಡಿಲಾಯಿತು. ತೊಂಬತ್ತು ದಾಟಿದ ರಾಜಾಜಿ ಆಗ ಮಳೆಯಲ್ಲೇ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ಹೋಗಿ ಬೇಡಿಕೊಂಡರೆಂದು ತಮಿಳುನಾಡಿನಲ್ಲಿ ಇಂದಿಗೂ ಹೇಳುತ್ತಾರೆ. ಮತ್ತೆ ಬಂತು, ಮತ್ತೆ ಹೋಯಿತು. 1983ರಲ್ಲಿ ಸರ್ಕಾರದ ಮದ್ಯ ಮಾರಾಟ ನಿಗಮ ಟಾಸ್ಮಾಕ್ ಹುಟ್ಟಿತು, 2003ರಿಂದ ಚಿಲ್ಲರೆ ಮಾರಾಟವೂ ಸರ್ಕಾರದ್ದೇ. ಇಳಂಪಿಳ್ಳೈ ಕಡೆಯ ಗಾಂಧಿವಾದಿ ಶಶಿ ಪೆರುಮಾಳ್ 2015ರ ಜುಲೈ 31ರಂದು ಮದ್ಯದಂಗಡಿ ಮುಚ್ಚಿರೆಂದು ಕನ್ಯಾಕುಮಾರಿ ಜಿಲ್ಲೆಯಲ್ಲಿ ಮೊಬೈಲ್ ಗೋಪುರ ಹತ್ತಿ ಪ್ರತಿಭಟಿಸುತ್ತಲೇ ಪ್ರಾಣ ಬಿಟ್ಟರು. ಅವರೂ ಸೇಲಂ ಜಿಲ್ಲೆಯವರೇ. ಇಷ್ಟು ಜನ ಇಷ್ಟು ಆಳವಾಗಿ ಕುಡಿತದ ದುಃಖವನ್ನು ಹಚ್ಚಿಕೊಂಡ ಇನ್ನೊಂದು ಜಿಲ್ಲೆ ನನಗೆ ಗೊತ್ತಿಲ್ಲ. ಅವರ ಎದುರು ನಿಂತು ನಿಷೇಧ ಬರಿಯ ತಪ್ಪು ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಕುಡುಕ ಗಂಡನ ಮನೆಯಲ್ಲಿ ಅಂಗಡಿ ಮುಚ್ಚಿದ ದಿನ ಒಲೆ ಹತ್ತಿತು ಎಂಬುದು ಸುಳ್ಳಲ್ಲ.

ಮರುದಿನ ಗೆಳೆಯನ ಜೊತೆ ಸರ್ಕಾರಿ ಮೋಹನ್ ಕುಮಾರಮಂಗಲಂ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಹೊರಗೆ ನಿಂತಿದ್ದೆ. ಕಳ್ಳಕುರಿಚಿಯಿಂದ ಸುಮಾರು 100 ಕಿ.ಮೀ. ದೂರ ಆಂಬುಲೆನ್ಸ್‌ಗಳು ರೋಗಿಗಳನ್ನು ಹೊತ್ತು ತಂದದ್ದು ಇಲ್ಲಿಗೂ. ಆ ಹೆಸರು ಓದುತ್ತಿದ್ದಂತೆ ನನಗೆ ಹೊಳೆದದ್ದು ಕಂಡು ನಾನೇ ಬೆರಗಾದೆ. ಮೋಹನ್ ಕುಮಾರಮಂಗಲಂ ಅವರ ತಂದೆ ಪಿ. ಸುಬ್ಬರಾಯನ್ 1937ರ ರಾಜಾಜಿ ಸಂಪುಟದಲ್ಲಿ ಕಾನೂನು ಮತ್ತು ಶಿಕ್ಷಣ ಮಂತ್ರಿ. ಇವತ್ತಿಗೂ ತಮಿಳುನಾಡಿನಲ್ಲಿ ಕಳ್ಳಭಟ್ಟಿಯವರನ್ನು ಹಿಡಿಯುವುದು ಆ ಸಂಪುಟದ ಕಾಲದ ಕಾಯ್ದೆಯ ಕೆಳಗೇ, ಅದರ ಹೆಸರಿನಲ್ಲೇ 1937 ಎಂದಿದೆ. 2024ರಲ್ಲಿ ತಿದ್ದುಪಡಿ ತಂದು ಶಿಕ್ಷೆಯನ್ನು ಜೀವಾವಧಿಯವರೆಗೂ ಏರಿಸಿದರು. ತಂದೆಯ ಕಾಲದ ಕಾನೂನು ತಡೆಯಲಾಗದೆ ಹೋದವರನ್ನು ಮಗನ ಹೆಸರಿನ ಆಸ್ಪತ್ರೆ ಎದೆಗವಚಿಕೊಂಡಿತು. ಊರಿಗೆ ಎರಡೂ ಬೇಕು. ಆದರೆ ಎರಡರ ನಡುವೆ ಒಂದು ಬಾಗಿಲು ಮುಚ್ಚಿದೆ: ಕಾನೂನಿನ ಭಯದಿಂದ ಜನ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಆ ಬಾಗಿಲು ತೆರೆಯಲು ಹೊರನಾಡುಗಳಲ್ಲಿ ಏನೇನೋ ಮಾಡಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ 1992ರಿಂದ, ವಿಯೆನ್ನಾದಲ್ಲಿ 1997ರಿಂದ, ನಶೆಯ ಮಾತ್ರೆ ತಂದುಕೊಟ್ಟರೆ ಅದರಲ್ಲಿ ಏನಿದೆಯೆಂದು ಪ್ರಯೋಗಾಲಯದಲ್ಲಿ ನೋಡಿ ಹೇಳುವ ವ್ಯವಸ್ಥೆ ಇದೆ. 2016ರಲ್ಲಿ ಇಂಗ್ಲೆಂಡಿನ ಸೀಕ್ರೆಟ್ ಗಾರ್ಡನ್ ಪಾರ್ಟಿ ಎಂಬ ಸಂಗೀತೋತ್ಸವದಲ್ಲಿ ಫಿಯೋನಾ ಮೆಷಮ್ ಅವರ 'ದಿ ಲೂಪ್' ಸಂಸ್ಥೆ ಜಾತ್ರೆಯ ಅಂಗಳದಲ್ಲೇ ಡೇರೆ ಹಾಕಿತು. ಬಂದ ಮಾದರಿಗಳಲ್ಲಿ ಐದಕ್ಕೆ ಒಂದರಷ್ಟು ಮಾರಿದವನು ಹೇಳಿದ ವಸ್ತುವೇ ಆಗಿರಲಿಲ್ಲ. ಅದು ಗೊತ್ತಾದವರಲ್ಲಿ ಬಹಳ ಜನ ಉಳಿದದ್ದನ್ನೂ ತಾವಾಗಿಯೇ ಒಪ್ಪಿಸಿ ಹೋದರು. 2018ರಲ್ಲಿ ಕ್ಯಾನ್‌ಬೆರಾದಲ್ಲೂ ಇಂಥ ಪರೀಕ್ಷೆ ನಡೆಯಿತು; 2021ರಲ್ಲಿ ನ್ಯೂಜಿಲೆಂಡ್ ಅದಕ್ಕೆ ಕಾಯಂ ಕಾನೂನೇ ಮಾಡಿತು. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ 2007ರಲ್ಲೇ, ಮಿತಿಮೀರಿ ಸೇವಿಸಿ ಬಿದ್ದವನಿಗೆ ನೆರವು ಕರೆದವರನ್ನು ಆ ಸೇವನೆಯ ಕಾರಣಕ್ಕೆ ಶಿಕ್ಷಿಸುವುದಿಲ್ಲ ಎಂದು ಬರೆದಿಟ್ಟಿತು. ನಮ್ಮಲ್ಲಿ ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ರಕ್ಷಣೆ ಕೊಡುತ್ತದೆ. ರಸ್ತೆ ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ತಂದವನಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ರಕ್ಷಣೆ ಇದೆ. ಹಬ್ಬದ ಬಯಲಿನಲ್ಲಿ ಬಿದ್ದ ಗೆಳೆಯನನ್ನು ಹೊತ್ತು ತಂದವನಿಗೂ ಅಂಥದೊಂದು ಅಭಯ ಸಿಗಲೇಬೇಕು. ಇದನ್ನು ನಾನು ಗಟ್ಟಿಯಾಗಿ ಕೇಳುತ್ತೇನೆ.

ಅದೇ ವಾರ ಗುಗೈಯಲ್ಲಿ ವಂಡಿ ವೇಡಿಕ್ಕೈ. ಸೇಲಂ ಮಾರಿಹಬ್ಬದ ದಿನಗಳಲ್ಲಿ ನೇಕಾರರ ಈ ಪೇಟೆಯ ಓಣಿಓಣಿಗಳ ತಂಡಗಳು ಬಂಡಿಗಳನ್ನು ಸಿಂಗರಿಸಿ, ಅವುಗಳ ಮೇಲೆ ಮನುಷ್ಯರನ್ನೇ ದೇವರಾಗಿಸಿ ಕೂರಿಸಿ, ರಾತ್ರಿ ಬೀದಿಯಲ್ಲಿ ಕರೆತರುತ್ತವೆ. ದೇವಾಂಗದವರ ಮನೆಯೊಂದರ ಜಗಲಿಯಲ್ಲಿ ನಮಗೆ ಜಾಗ ಸಿಕ್ಕಿತು, ಆ ಮನೆಯ ಮಾತು ಕನ್ನಡ. ಎದುರಿನ ಓಣಿಯಿಂದ ಮೊದಲ ಬಂಡಿ ತಿರುಗಿದಾಗ ಇಡೀ ಬೀದಿ ಎದ್ದು ನಿಂತಿತು. ನೆತ್ತಿಯಿಂದ ನೀರು ಚಿಮ್ಮುವ ಶಿವ, ಹತ್ತು ಕೈಗಳ ಕಾಳಿ, ನವಿಲೇರಿದ ಮುರುಗ. ಒಂದು ಬಂಡಿಯ ಮೇಲೆ ಹಾಲಿನ ಕಡಲು, ಅದರ ನಡುವೆ ಹೆಡೆ ಆಡಿಸುವ ಆದಿಶೇಷ. ಬಣ್ಣ ಬಳಿದ ಹುಡುಗರು ರೆಪ್ಪೆಯನ್ನೂ ಬಡಿಯದೆ ಗಂಟೆಗಟ್ಟಲೆ ಕೂತಿದ್ದರು. ಮುದುಕಿಯರು ಅವರಿಗೆ ಆರತಿ ಎತ್ತುತ್ತಿದ್ದರು, ನಿನ್ನೆವರೆಗೆ ಮಗ್ಗದ ಮುಂದೆ ಕೂತಿದ್ದ ತಮ್ಮ ಮೊಮ್ಮಕ್ಕಳಿಗೆ. ನನ್ನ ಕೈಗಳು ತಾವಾಗಿಯೇ ಜೋಡಿಸಿಕೊಂಡವು.

ಮೆರವಣಿಗೆಗೆ ಮೊದಲು, ಬಣ್ಣ ಬಳಿಯುವ ಹೊತ್ತಿನಲ್ಲೇ ಆ ಮನೆಯ ಅಜ್ಜ ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋಗಿದ್ದರು. "ಡಾಕ್ಟ್ರು ಬಂದಿದಾರೆ, ಕೇಳ್ರಪ್ಪ" ಎಂದು ತಂಡದ ಹುಡುಗರನ್ನು ಕೂರಿಸಿದರು. ರಾತ್ರಿಯೆಲ್ಲ ಕೂರಲು, ಬಂಡಿ ತಳ್ಳಲು, ಮೈಕೈ ನೋವು ಮರೆಯಲು ಹುಡುಗರು ಏನೇನು ನುಂಗುತ್ತಾರೆಂದು ಅಜ್ಜನಿಗೆ ಗೊತ್ತಿತ್ತು. ಗೆಳೆಯ ಯಾರನ್ನೂ ಬಯ್ಯಲಿಲ್ಲ. ಟ್ಯಾಪೆಂಟಡಾಲ್‌ನಂಥ ನೋವಿನ ಮಾತ್ರೆ ಉಸಿರಾಟವನ್ನು ನಿಧಾನ ಮಾಡುತ್ತದೆ, ಮದ್ಯವೂ ಅದನ್ನೇ ಮಾಡುತ್ತದೆ, ಎರಡೂ ಸೇರಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು ಎಂದ. ಗೊರಕೆ ಜೋರಾದರೆ ಸುಖನಿದ್ದೆ ಎಂದು ತಿಳಿಯಬೇಡಿ, ಎಬ್ಬಿಸಿ ನೋಡಿ ಎಂದ. ಮೆಥನಾಲಿನ ಕತೆಯನ್ನೂ ಹೇಳಿ, ಸೀಲಿಲ್ಲದ ಬಾಟಲಿ, ಪಾಕೀಟು ಯಾರು ಕೊಟ್ಟರೂ ಬೇಡ ಎಂದ. ಬಣ್ಣ, ಕಿರೀಟ, ದೀಪದ ಶಾಖದ ನಡುವೆ ಕೂತವರಿಗೆ ನೀರು ಕುಡಿಸುತ್ತಿರಿ ಎಂದ. ಹೊಗೇನಕಲ್ಲಿನ ಹಿರಿಯರು ತೋರಿಸಿದ ಮಗ್ಗುಲನ್ನು ಅಲ್ಲಿದ್ದ ಚಾಪೆಯ ಮೇಲೆ ಮಲಗಿ ತಾನೇ ತೋರಿಸಿದ. ಚಟ ಬಿಡಬೇಕೆನ್ನುವವರಿಗೆ 14446 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ ಎಂದೂ ಹೇಳಿದ.

ಮುಖಕ್ಕೆ ಅರ್ಧ ನೀಲಿ ಬಣ್ಣ ಬಳಿದುಕೊಂಡಿದ್ದ ಹುಡುಗನೊಬ್ಬ ಕೈ ಎತ್ತಿದ. "ಸಾರ್, ನಾನೇ ಕರ್ಕೊಂಡು ಬಂದ್ರೆ ನನ್ನನ್ನೂ ಪೊಲೀಸ್ ಹಿಡೀತಾರಲ್ಲ?"

ಗೆಳೆಯ ಸುಳ್ಳು ಹೇಳಲಿಲ್ಲ. "ವಿಚಾರಣೆ ಆಗಬಹುದು. ನಾವು ಡಾಕ್ಟ್ರುಗಳು ಪೊಲೀಸರಿಗೆ ತಿಳಿಸಲೇಬೇಕು. ಆದ್ರೆ ಮೊದಲು ಚಿಕಿತ್ಸೆ ಶುರುವಾಗುತ್ತೆ. ಅವನು ಏನು ಕುಡಿದ, ಯಾವಾಗ ಕುಡಿದ ಅನ್ನೋ ಎರಡು ಮಾತು ನೀನು ಹೇಳಿದ್ರೆ ನಮಗೆ ಗಂಟೆಗಟ್ಟಲೆ ಸಮಯ ಉಳಿಯುತ್ತೆ."

ಅಜ್ಜ ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಎದ್ದರು. "ಸ್ಟೇಷನ್‌ಗೆ ನಾನು ಬರ್ತೀನಿ. ನೀವು ಮೊದಲು ಆಸ್ಪತ್ರೆಗೆ ಹೋಗಿ. ನನ್ನ ನಂಬರು ಎಲ್ಲರ ಫೋನಲ್ಲೂ ಇರಲಿ, ರಾತ್ರಿ ಎಷ್ಟೊತ್ತಾದ್ರೂ ಸರಿ." ಹುಡುಗರು ಒಬ್ಬೊಬ್ಬರಾಗಿ ಫೋನು ತೆಗೆದರು. ಬಣ್ಣದ ಬೆರಳುಗಳು ಪರದೆಯ ಮೇಲೆ ನೀಲಿ, ಹಸಿರು ಗುರುತು ಬಿಡುತ್ತ ನಂಬರು ಒತ್ತಿದವು.

"ಸಾರ್, ಆ ಕಣ್ಣು ಮಂಜಾಗೋದು ಎಷ್ಟು ಹೊತ್ತಿಗೆ ಅಂದ್ರಿ?" ನೀಲಿ ಮುಖದ ಹುಡುಗ ಮತ್ತೆ ಕೇಳಿದ.

"ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ. ಜೊತೆಗೆ ಬೇರೆ ಮದ್ಯ ಕುಡಿದಿದ್ರೆ ಇನ್ನೂ ತಡ. ಅದಕ್ಕೆ ಕಾಯಬೇಡ. ಜೊತೆಗಿದ್ದವರಲ್ಲಿ ಒಬ್ಬನಿಗೆ ಆಯ್ತು ಅಂತ ಕೇಳಿದ ಕೂಡಲೆ ಎಲ್ಲರೂ ಹೊರಡಿ."

"ಕುಡಿಯದವನೂ?"

"ಕುಡಿಯದವನು ಗಾಡಿ ಓಡಿಸ್ಲಿ" ಎಂದ ಗೆಳೆಯ. ಹಿತ್ತಲು ಗೊಳ್ಳೆಂದು ನಕ್ಕಿತು. ಬಣ್ಣದವರು ಹುಡುಗನ ಗಲ್ಲ ಹಿಡಿದು ಉಳಿದ ಅರ್ಧ ಮುಖಕ್ಕೆ ಕುಂಚ ಇಟ್ಟರು.